ದುಃಖದಲ್ಲೂ ಬತ್ತದ ಉಪಕಾರಸ್ಮರಣೆ: ದಾನಚಿಂತಾಮಣಿ ಅತ್ತಿಮಬ್ಬೆ

ಸುಖ ಬಂದಾಗ ಕೈಮುಗಿಯುವುದು ಯಾರಿಗೂ ಕಷ್ಟವಲ್ಲ. ಬೆಳೆ ತುಂಬಿ ಬಂದ ವರ್ಷ, ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನ, ರೋಗ ವಾಸಿಯಾಗಿ ಹಾಸಿಗೆಯಿಂದ ಎದ್ದ ಬೆಳಗು, ಇಂಥ ಹೊತ್ತಿನಲ್ಲಿ ಮನಸ್ಸು ತಾನಾಗಿಯೇ ಬಾಗುತ್ತದೆ. ದುಃಖ ಬಂದಾಗ ಅದೇ ಮನಸ್ಸು ಬಿಗಿಯುತ್ತದೆ. ಅದುವರೆಗೆ ಪಡೆದುದೆಲ್ಲವೂ ಮರೆತುಹೋಗಿ, ಕಳೆದುಕೊಂಡದ್ದು ಒಂದೇ ಕಣ್ಣ ಮುಂದೆ ನಿಲ್ಲುತ್ತದೆ. ಕೃತಜ್ಞತೆಯ ನಿಜವಾದ ಪರೀಕ್ಷೆ ನಡೆಯುವುದು ಆಗ.

ಜೈನ ದರ್ಶನದಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಸುಖವನ್ನು ಕೊಡುವ, ದುಃಖವನ್ನು ಹೊರಿಸುವ ಕರ್ತೃವೊಬ್ಬನನ್ನು ಜೈನಧರ್ಮ ಒಪ್ಪುವುದಿಲ್ಲ. ಸಾತಾವೇದನೀಯ ಕರ್ಮದ ಉದಯದಿಂದ ಸುಖ, ಅಸಾತಾವೇದನೀಯ ಕರ್ಮದ ಉದಯದಿಂದ ದುಃಖ; ಎರಡೂ ಜೀವವು ತಾನೇ ಕಟ್ಟಿಕೊಂಡ ಬುತ್ತಿ. ವೀತರಾಗನಾದ ಜಿನನು ಒಲಿದು ವರ ಕೊಡುವವನಲ್ಲ, ಮುನಿದು ದಂಡಿಸುವವನೂ ಅಲ್ಲ. ಹಾಗಾದರೆ ಶ್ರಾವಕನು ಯಾರಿಗೆ ಕೃತಜ್ಞನಾಗಿರಬೇಕು? ಏತಕ್ಕಾಗಿ?

ಇದಕ್ಕೆ ಆಚಾರ್ಯರು ಕೊಟ್ಟ ಉತ್ತರ ಸರಳವಾಗಿದೆ. ಸುಖ ದೊರೆತುದಕ್ಕಾಗಿ ಅಲ್ಲ, ದಾರಿ ದೊರೆತುದಕ್ಕಾಗಿ. ಅರಿಹಂತರು ಮೋಕ್ಷಮಾರ್ಗವನ್ನು ತೋರಿದರು. ಗುರುಗಳು ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ತಾಯಿತಂದೆಗಳು ಈ ದೇಹವನ್ನು ಸಲಹಿದರು. ಜೀವಗಳು ಒಂದಕ್ಕೊಂದು ನೆರವಾಗುವುದೇ ಜೀವಗಳ ಕಾರ್ಯವೆಂದು ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಅನ್ಯರ ಉಪಕಾರವಿಲ್ಲದೆ ಬದುಕಿದ ಜೀವವೊಂದೂ ಇಲ್ಲ. 13ನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಅರ್ಹನಾದವನ ಗುಣಗಳನ್ನು ಎಣಿಸುವಾಗ, ನ್ಯಾಯದಿಂದ ಗಳಿಸುವುದು, ಗುಣವಂತರನ್ನೂ ಗುರುಗಳನ್ನೂ ಪೂಜಿಸುವುದು ಮೊದಲಾದವುಗಳ ಸಾಲಿನಲ್ಲಿಯೇ ಕೃತಜ್ಞನಾಗಿರುವುದನ್ನೂ ಸೇರಿಸಿದ್ದಾನೆ. ಪ್ರತಿನಿತ್ಯ ಜಪಿಸುವ ಪಂಚನಮಸ್ಕಾರ ಮಂತ್ರದಲ್ಲಿ ಬೇಡಿಕೆಯೊಂದೂ ಇಲ್ಲ, ನಮನ ಮಾತ್ರ ಇದೆ. ಅದು ಮೊದಲಿನಿಂದ ಕೊನೆಯವರೆಗೆ ಉಪಕಾರಸ್ಮರಣೆಯೇ.

ಈ ತತ್ತ್ವವನ್ನು ಬಾಳಿ ತೋರಿದವರ ಸಾಲಿನಲ್ಲಿ ಕನ್ನಡ ನಾಡಿನ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಮೊದಲ ಪಂಕ್ತಿಯದು. ಸಾವಿರ ವರ್ಷಗಳ ಹಿಂದೆ ಬಾಳಿದ ಆಕೆಗೆ ಸುಖವೂ ದುಃಖವೂ ತುಂಬಿದ ಕೊಡಗಳಾಗಿ ಬಂದವು. ಆಕೆಯ ದಾನವನ್ನು ಎಲ್ಲರೂ ಕೊಂಡಾಡುತ್ತಾರೆ. ಆ ದಾನದ ಬೇರಿನಲ್ಲಿದ್ದ ಋಣಪ್ರಜ್ಞೆಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಉಪಕಾರ ಮರೆಯದ ಮನೆತನ

ಅತ್ತಿಮಬ್ಬೆಯ ತಂದೆಯ ಮನೆಯವರು ಮೂಲತಃ ವೆಂಗಿ ನಾಡಿನ ಪುಂಗನೂರಿನವರು. ನಾಗಮಯ್ಯನೆಂಬುವನು ಆ ಮನೆಯ ಹಿರಿಯ. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಇಬ್ಬರೂ ಶೂರರು, ಇಬ್ಬರೂ ಜಿನಭಕ್ತರು. ಮಲ್ಲಪಯ್ಯನಿಗೆ ಅಬ್ಬಕಬ್ಬೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಅತ್ತಿಮಬ್ಬೆ ಮತ್ತು ಆಕೆಯ ತಂಗಿ ಗುಂಡಮಬ್ಬೆ ಸೇರಿದ್ದಾರೆ.

ಈ ಮನೆತನದ ಗುರುಗಳು ಜಿನಚಂದ್ರದೇವರು. ಅವರು ದೇಹವನ್ನು ತೊರೆದು ಸದ್ಗತಿ ಪಡೆದಾಗ, ಅಣ್ಣತಮ್ಮಂದಿರಾದ ಮಲ್ಲಪಯ್ಯ ಪುನ್ನಮಯ್ಯರು ಗುರುವಿನ ನೆನಪಿಗೆ ಏನು ಮಾಡಬೇಕೆಂದು ಯೋಚಿಸಿದ್ದು ಸಹಜ. ನಿಸಿದಿಯ ಕಲ್ಲನ್ನು ನಿಲ್ಲಿಸುವ ರೂಢಿ ಆಗ ನಾಡಿನಲ್ಲೆಲ್ಲ ಇದ್ದಿತು. ಆ ಸೋದರರು ಆಯ್ದುಕೊಂಡ ಸ್ಮಾರಕ ಮಾತ್ರ ಒಂದು ಕಾವ್ಯ. ರಾಷ್ಟ್ರಕೂಟ ಚಕ್ರವರ್ತಿ 3ನೆಯ ಕೃಷ್ಣನ ಕಾಲದಲ್ಲಿ ಕವಿಚಕ್ರವರ್ತಿಯೆನಿಸಿದ್ದ ಪೊನ್ನನಿಂದ ಅವರು ಶಾಂತಿಪುರಾಣವನ್ನು ಬರೆಯಿಸಿದರು. 16ನೆಯ ತೀರ್ಥಂಕರ ಶಾಂತಿನಾಥನ ಚರಿತೆ ಅದು. ಚಕ್ರವರ್ತಿಯ ಸಿರಿಯನ್ನೂ ತೀರ್ಥಂಕರನ ತ್ಯಾಗವನ್ನೂ ಒಂದೇ ಜನ್ಮದಲ್ಲಿ ಕಂಡ ಮಹಾಪುರುಷನ ಕಥೆ.

ಗುರುವಿನ ಅಗಲಿಕೆಯ ದುಃಖವನ್ನು ಆ ಮನೆ ಹೇಗೆ ಹೊತ್ತಿತು ಎಂಬುದು ಇಲ್ಲಿ ಗಮನಿಸಬೇಕಾದದ್ದು. ಗುರುವಿಂದ ಪಡೆದುದನ್ನು ಗುರುವಿಗೆ ಹಿಂದಿರುಗಿಸುವಂತಿಲ್ಲ. ಅವರಿಗೆ ಅದರ ಅಪೇಕ್ಷೆಯೂ ಇರಲಿಲ್ಲ. ಆದ್ದರಿಂದ ಆ ಋಣವನ್ನು ಮುಂದಿನವರಿಗೆ ಸಲ್ಲಿಸಬೇಕು. ಕಾವ್ಯವನ್ನು ಓದುವವರು, ಕೇಳುವವರು, ಕೇಳಿ ಧರ್ಮದಲ್ಲಿ ನಿಲ್ಲುವವರು, ಇವರೇ ಆ ಋಣವನ್ನು ಪಡೆಯಲು ಅರ್ಹರಾದವರು. ಅತ್ತಿಮಬ್ಬೆ ಬೆಳೆದದ್ದು ಇಂಥ ಮನೆಯಲ್ಲಿ. ದುಃಖವು ಉಪಕಾರವಾಗಿ ಮಾರ್ಪಡಬಲ್ಲುದೆಂಬ ಪಾಠ ಆಕೆಗೆ ಗ್ರಂಥದಿಂದ ಬಂದದ್ದಲ್ಲ, ತವರಿನ ಬಳುವಳಿಯಾಗಿ ಬಂದದ್ದು.

ಒಂದೇ ಮನೆಯ ಸುಖ

ಆ ಕಾಲ ರಾಜ್ಯಗಳು ಮಗುಚಿಬಿದ್ದ ಕಾಲ. 973ರಲ್ಲಿ 2ನೆಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿ ಕಲ್ಯಾಣ ಚಾಲುಕ್ಯರ ಸಿಂಹಾಸನವನ್ನು ಸ್ಥಾಪಿಸಿದನು. ಉತ್ತರದಲ್ಲಿ ಪರಮಾರರೊಡನೆ, ದಕ್ಷಿಣದಲ್ಲಿ ಚೋಳರೊಡನೆ ನಿಲ್ಲದ ಯುದ್ಧಗಳು. ತೈಲಪನ ಆಪ್ತಮಂತ್ರಿಗಳಲ್ಲಿ ಒಬ್ಬನು ದಲ್ಲಪ. ಅವನ ಮಗ ನಾಗದೇವನು ತಾರುಣ್ಯದಲ್ಲಿಯೇ ದಂಡನಾಯಕನಾಗಿ ಹೆಸರು ಮಾಡಿದವನು. ಮಲ್ಲಪಯ್ಯನು ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ನಾಗದೇವನಿಗೆ ಕೊಟ್ಟು ಮದುವೆ ಮಾಡಿದನು.

ಅಕ್ಕತಂಗಿಯರು ಒಂದೇ ಮನೆ ಸೇರಿದರು. ಒಂದೇ ತಾಯಿಯ ಮಡಿಲಲ್ಲಿ ಆಡಿದವರು ಒಂದೇ ಒಲೆಯ ಮುಂದೆ ಕುಳಿತರು. ಹಿರಿಯಳಾದ ಅತ್ತಿಮಬ್ಬೆಗೆ ಮಗ ಹುಟ್ಟಿದನು. ಅವನಿಗೆ ಅಣ್ಣಿಗದೇವನೆಂಬ ಹೆಸರಾಯಿತು. ಅರಸನ ಮನ್ನಣೆ, ಅತ್ತೆಮಾವಂದಿರ ಆಸರೆ, ಗಂಡನ ಕೀರ್ತಿ, ಮಗುವಿನ ನಗು, ಒಡಹುಟ್ಟಿದವಳ ಸಾಹಚರ್ಯ, ಜಿನಪೂಜೆಗೆ ಬಿಡುವು ಎಲ್ಲವೂ ಆ ಮನೆಯಲ್ಲಿ ಕೂಡಿದ್ದವು. ಲೋಕದ ಕಣ್ಣಿಗೆ ಅದು ತುಂಬಿದ ಸಂಸಾರ.

ಸಾತೋದಯದ ಇಂಥ ಕಾಲದಲ್ಲಿ ಕೃತಜ್ಞತೆಗೆ ಒಂದು ಅಪಾಯವಿದೆ. ಪಡೆದುದು ತನ್ನದೇ ಎಂಬ ಭಾವ ಮೆಲ್ಲನೆ ಬೆಳೆದುಬಿಡುತ್ತದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಯನ್ನು ಸುಖದ ದಿನಗಳಲ್ಲಿಯೇ ಚಿಂತಿಸಬೇಕೆಂದು ಹಿರಿಯರು ಹೇಳುವುದು ಇದಕ್ಕಾಗಿಯೇ. ನಿಲ್ಲದ ವಸ್ತುವೆಂದು ತಿಳಿದಾಗ ಅದನ್ನು ಕೈಯಲ್ಲಿ ಹಿಡಿದಿರುವ ರೀತಿಯೇ ಬೇರೆಯಾಗುತ್ತದೆ. ಹಿಡಿತ ಸಡಿಲವಾಗುತ್ತದೆ, ಆದರ ಹೆಚ್ಚುತ್ತದೆ.

ಶೋಕದ ಎರಡು ದಾರಿಗಳು

ನಾಗದೇವನು ಯುದ್ಧದಲ್ಲಿ ಮಡಿದನು. ಇನ್ನೂ ಬಾಳಬೇಕಾಗಿದ್ದ ವಯಸ್ಸು. ಸುದ್ದಿ ಬಂದ ಮನೆಯಲ್ಲಿ ಇಬ್ಬರು ಪತ್ನಿಯರು, ಒಬ್ಬ ಎಳೆಯ ಮಗ. ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆಯನ್ನೇರಿದಳು. ಅತ್ತಿಮಬ್ಬೆ ಉಳಿದಳು. ಗಂಡನನ್ನು ಕಳೆದುಕೊಂಡ ದುಃಖದ ಜೊತೆಗೇ ಒಡಹುಟ್ಟಿದವಳನ್ನೂ ಕಳೆದುಕೊಂಡ ದುಃಖ ಆಕೆಯ ಪಾಲಿಗೆ ಬಂದಿತು. ತುಂಬಿದ ಮನೆ ಬರಿದಾಯಿತು.

ಸಹಗಮನವನ್ನು ಅಂದಿನ ಲೋಕ ಹೊಗಳುತ್ತಿತ್ತು. ವೀರನ ಮಡದಿ ವೀರನೊಡನೆ ಹೋಗಬೇಕೆಂಬುದು ನಾಡಿನ ರೂಢಿಯಾಗಿತ್ತು. ಉಳಿದವಳ ಬಾಳು ಸುಲಭದ್ದಾಗಿರಲಿಲ್ಲ. ಜಿನಾಗಮ ಆ ದಾರಿಯನ್ನು ಒಪ್ಪುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪುಣ್ಯದ ಆಸೆಯಿಂದ ಬೆಟ್ಟದಿಂದ ಧುಮುಕುವುದನ್ನೂ ಬೆಂಕಿಯಲ್ಲಿ ಬೀಳುವುದನ್ನೂ ಲೋಕಮೂಢತೆಯೆಂದು ಎಣಿಸಿದ್ದಾರೆ. ಆಯುಷ್ಯ ತೀರುವ ಹೊತ್ತಿನಲ್ಲಿ ಕಷಾಯಗಳನ್ನು ಕ್ಷೀಣಿಸುತ್ತ, ಗುರುಸನ್ನಿಧಿಯಲ್ಲಿ, ಸಮಭಾವದಿಂದ ಸ್ವೀಕರಿಸುವ ಸಲ್ಲೇಖನ ಬೇರೆ; ಶೋಕದ ವೇಗದಲ್ಲಿ ದೇಹವನ್ನು ಬೆಂಕಿಗೆ ಒಪ್ಪಿಸುವುದು ಬೇರೆ. ಒಂದರಲ್ಲಿ ರಾಗ ಆರುತ್ತದೆ, ಇನ್ನೊಂದರಲ್ಲಿ ರಾಗವೇ ಉರಿಯುತ್ತದೆ.

ಗುಂಡಮಬ್ಬೆಯನ್ನು ದೂಷಿಸಲು ಇಲ್ಲಿ ಎಡೆಯಿಲ್ಲ. ಆಕೆಯ ಕಾಲದ ಒತ್ತಡ ಆಕೆಯ ಮೇಲಿತ್ತು, ಆಕೆಯ ನೋವು ಆಕೆಗೇ ಗೊತ್ತು. ಅಕ್ಕನ ಆಯ್ಕೆಯ ಭಾರವನ್ನು ಮಾತ್ರ ಇದರಿಂದ ಅಳೆಯಬಹುದು. ಚಿತೆ ಒಂದು ಗಳಿಗೆಯ ಧೈರ್ಯವನ್ನು ಕೇಳುತ್ತದೆ. ಉಳಿದವಳ ಬಾಳು ಪ್ರತಿದಿನದ ಧೈರ್ಯವನ್ನು ಕೇಳುತ್ತದೆ. ಅದೂ ಲೋಕವೆಲ್ಲ ಹೊಗಳುವ ದಾರಿಯನ್ನು ಬಿಟ್ಟು, ಮಗುವಿನ ಕೈ ಹಿಡಿದು, ಬರಿದಾದ ಮನೆಯಲ್ಲಿ.

ಪ್ರಿಯವಾದುದು ಅಗಲಿದಾಗ ಅದನ್ನೇ ನೆನೆನೆನೆದು ಬೇಯುವುದಕ್ಕೆ ಇಷ್ಟವಿಯೋಗಜ ಆರ್ತಧ್ಯಾನವೆಂದು ಹೆಸರು. ನಾಲ್ಕು ಬಗೆಯ ಆರ್ತಧ್ಯಾನಗಳಲ್ಲಿ ಇದೂ ಒಂದು. ಅಳಬಾರದೆಂದು ಆಗಮ ಹೇಳುವುದಿಲ್ಲ. ಗೃಹಸ್ಥನ ಕಣ್ಣೀರು ಸಹಜವೆಂದು ಅದು ಬಲ್ಲುದು. ಆ ಕಣ್ಣೀರಿನಲ್ಲಿಯೇ ನೆಲೆಸಿಬಿಟ್ಟರೆ ಹಳೆಯ ಅಸಾತಾಕರ್ಮ ಕಳೆಯುವ ಹೊತ್ತಿನಲ್ಲಿ ಹೊಸದನ್ನು ಕಟ್ಟಿಕೊಂಡಂತಾಗುತ್ತದೆ ಎಂಬುದಷ್ಟೇ ಅದರ ಎಚ್ಚರಿಕೆ. ಆರ್ತಧ್ಯಾನದಿಂದ ಧರ್ಮಧ್ಯಾನಕ್ಕೆ ದಾಟಲು ಮನಸ್ಸಿಗೆ ಒಂದು ಸೇತುವೆ ಬೇಕು. ಅಗಲಿದವರಿಂದಲೂ ಇರುವವರಿಂದಲೂ ಪಡೆದ ಉಪಕಾರದ ನೆನಪು ಅಂಥ ಸೇತುವೆ. ಕಳೆದುಹೋದದ್ದರ ಮೇಲಿನ ದೃಷ್ಟಿಯನ್ನು ಅದು ಪಡೆದುದರ ಕಡೆಗೆ ತಿರುಗಿಸುತ್ತದೆ. ಪಡೆದುದು ಕಂಡೊಡನೆ, ತೀರಿಸಬೇಕಾದ ಋಣವೂ ಕಾಣುತ್ತದೆ. ಋಣ ಕಂಡವನಿಗೆ ಬಾಳುವುದಕ್ಕೆ ಕಾರಣವೂ ಕಾಣುತ್ತದೆ.

ಅತ್ತಿಮಬ್ಬೆಯ ಮುಂದಿನ ಬಾಳು ಆ ಸೇತುವೆಯನ್ನು ದಾಟಿದವಳ ಬಾಳು. ಆಕೆ ವ್ರತನಿಯಮಗಳಿಂದ ದೇಹವನ್ನು ಸೊರಗಿಸಿದಳು; ಶ್ರಾವಕಿಯ ಶೀಲವನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಮಗನನ್ನು ಬೆಳೆಸಿ ತಂದೆಯ ಪದವಿಗೆ ತಕ್ಕವನನ್ನಾಗಿ ಮಾಡಿದಳು. ತನ್ನ ಕೈಗೆ ಬಂದ ಸಂಪತ್ತನ್ನು ತನ್ನದೆಂದು ಎಣಿಸದೆ ಧರ್ಮದ ಠೇವಣಿಯೆಂಬಂತೆ ಬಳಸಿದಳು.

ಸಾವಿರ ಪ್ರತಿಗಳು

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನ ನಾಲ್ಕು ಬಗೆ. ಅತ್ತಿಮಬ್ಬೆ ಎಲ್ಲವನ್ನೂ ಮಾಡಿದಳು. ಆಕೆಯ ಹೆಸರನ್ನು ಅಚ್ಚಳಿಯದಂತೆ ನಿಲ್ಲಿಸಿದ್ದು ಶಾಸ್ತ್ರದಾನ. ತಂದೆಯೂ ಚಿಕ್ಕಪ್ಪನೂ ಗುರುವಿನ ನೆನಪಿಗಾಗಿ ಬರೆಯಿಸಿದ್ದ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಆಕೆ ಮಾಡಿಸಿ ಹಂಚಿದಳು. ಅದರೊಡನೆ ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂದೂ ಪರಂಪರೆ ಸ್ಮರಿಸುತ್ತದೆ.

ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ 1000 ಪ್ರತಿಗಳೆಂದರೆ ಏನೆಂಬುದನ್ನು ಇಂದಿನವರು ಕಲ್ಪಿಸಿಕೊಳ್ಳಬೇಕು. ತಾಳೆಯ ಗರಿಗಳನ್ನು ಕೊಯ್ದು, ಒಣಗಿಸಿ, ಹದಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಒಂದೊಂದು ಅಕ್ಷರವನ್ನೂ ಗರಿ ಹರಿಯದಂತೆ ಕೊರೆಯಬೇಕು. ಕೊರೆದ ಗೆರೆಗಳಿಗೆ ಮಸಿ ತೀಡಿ ಒರೆಸಬೇಕು. ಗರಿಗಳಿಗೆ ರಂಧ್ರ ಮಾಡಿ ದಾರ ಪೋಣಿಸಿ, ಮರದ ಹಲಗೆಗಳ ನಡುವೆ ಕಟ್ಟಬೇಕು. ಇಡಿಯ ಪುರಾಣವೊಂದನ್ನು ಹೀಗೆ ಪ್ರತಿಮಾಡಲು ಒಬ್ಬ ಲಿಪಿಕಾರನಿಗೆ ಎಷ್ಟೋ ದಿನಗಳ ದುಡಿಮೆ. ಅದನ್ನು ಸಾವಿರ ಬಾರಿ ಮಾಡಿಸಬೇಕಾದರೆ ಲಿಪಿಕಾರರಿಗೆ ಅನ್ನವಸ್ತ್ರ, ವಸತಿ, ಸಂಭಾವನೆ ಎಲ್ಲವನ್ನೂ ಒದಗಿಸಬೇಕು. ಸಂಪತ್ತಿನ ಜೊತೆಗೆ ದೀರ್ಘಕಾಲದ ತಾಳ್ಮೆಯೂ ಬೇಕಾದ ಕೆಲಸ ಅದು.

ತಾಳೆಗರಿಗೆ ಆಯುಷ್ಯ ಕಡಿಮೆ. ಹುಳು, ತೇವ, ಬೆಂಕಿ, ಅಲಕ್ಷ್ಯ, ಇಷ್ಟೂ ಅದಕ್ಕೆ ಶತ್ರುಗಳು. ಪ್ರತಿಯಿಂದ ಪ್ರತಿಗೆ ದಾಟದ ಗ್ರಂಥ ಕೆಲವು ತಲೆಮಾರುಗಳಲ್ಲಿ ಅಳಿದುಹೋಗುತ್ತದೆ. ಆಗಿನ ಕನ್ನಡದ ಎಷ್ಟೋ ಕೃತಿಗಳು ಹೆಸರು ಮಾತ್ರವಾಗಿ ಉಳಿದಿವೆ. ಶಾಂತಿಪುರಾಣ ಇಂದಿಗೂ ಓದಲು ಸಿಗುತ್ತದೆ.

ಈ ಕೆಲಸವನ್ನು ಕೃತಜ್ಞತೆಯ ಕಣ್ಣಿನಿಂದ ನೋಡಿದಾಗ ಅದರ ಅರ್ಥ ಇನ್ನೂ ತೆರೆಯುತ್ತದೆ. ಅದು ಗುರುವಿನ ಋಣಕ್ಕಾಗಿ ತಂದೆ ಚಿಕ್ಕಪ್ಪಂದಿರು ಸಲ್ಲಿಸಿದ ಕಾಣಿಕೆ. ಆ ಕಾಣಿಕೆಯನ್ನು ಮಗಳು ಸಾವಿರಪಟ್ಟು ಹೆಚ್ಚಿಸಿದಳು. ಜಿನಚಂದ್ರದೇವರ ಉಪಕಾರ ಮಲ್ಲಪಯ್ಯ ಪುನ್ನಮಯ್ಯರಿಗೆ, ಅವರ ಉಪಕಾರ ಅತ್ತಿಮಬ್ಬೆಗೆ, ಆಕೆಯ ಉಪಕಾರ ಹೆಸರು ತಿಳಿಯದ ಸಾವಿರ ಮನೆಗಳಿಗೆ. ಋಣ ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೆ ಹರಿಯಿತು. ಗಂಡನೂ ತಂಗಿಯೂ ಇಲ್ಲದ ಮನೆಯಿಂದ ಹೊರಟ ಶಾಂತಿನಾಥನ ಕಥೆ ಇತರರ ಮನೆಗಳಲ್ಲಿ ಶಾಂತಿಯನ್ನು ಬಿತ್ತಿತು.

ರನ್ನನ ಋಣ

ಅತ್ತಿಮಬ್ಬೆಯ ಹೆಸರಿನೊಡನೆ ಬೇರ್ಪಡಿಸಲಾಗದಂತೆ ಸೇರಿಕೊಂಡ ಇನ್ನೊಂದು ಹೆಸರು ಕವಿ ರನ್ನನದು. ಅವನು 949ರಲ್ಲಿ ಮುದುವೊಳಲಿನಲ್ಲಿ, ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದನು. ವಿದ್ಯೆಯ ಹಂಬಲದಿಂದ ಊರು ಬಿಟ್ಟು ಗಂಗರ ನಾಡಿಗೆ ಹೋದವನಿಗೆ ಚಾವುಂಡರಾಯನ ಆಶ್ರಯವೂ ಅಜಿತಸೇನಾಚಾರ್ಯರ ಪಾಠವೂ ದೊರೆತವು. ಮುಂದೆ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ಅರಸನಾದ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಸಾಹಸಭೀಮವಿಜಯವನ್ನು ಬರೆದ ಅವನು, ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. 2ನೆಯ ತೀರ್ಥಂಕರ ಅಜಿತನಾಥನ ಚರಿತೆ ಅದು.

ಅಜಿತನಾಥನ ಕಥೆಯೊಡನೆ ಸಗರ ಚಕ್ರವರ್ತಿಯ ಕಥೆಯೂ ಹೆಣೆದುಕೊಂಡಿದೆ. ಜೈನ ಪುರಾಣಗಳು ಹೇಳುವಂತೆ ಸಗರನಿಗೆ 60,000 ಮಕ್ಕಳು. ಹಿಂದಿನ ಭವದಲ್ಲಿ ಅವನ ಗೆಳೆಯನಾಗಿದ್ದ ಮಣಿಕೇತುವೆಂಬ ದೇವನಿಗೂ ಅವನಿಗೂ ಒಂದು ಒಪ್ಪಂದವಿತ್ತು. ಮೊದಲು ಭೂಮಿಗಿಳಿದವನು ಸುಖದಲ್ಲಿ ಮೈಮರೆತರೆ ಇನ್ನೊಬ್ಬನು ಬಂದು ಎಚ್ಚರಿಸಬೇಕು. ಸಗರನು ಸಿರಿಯಲ್ಲಿ ಮುಳುಗಿದ್ದಾಗ ಮಣಿಕೇತು ತನ್ನ ಮಾತನ್ನು ನಡೆಸಲು ಮುಂದಾದನು. ಕೈಲಾಸದ ಸುತ್ತ ಅಗಳನ್ನು ತೋಡಲು ಹೋದ ಮಕ್ಕಳನ್ನು ತನ್ನ ಮಾಯೆಯಿಂದ ಸತ್ತವರಂತೆ ಕೆಡವಿದನು. ಆಮೇಲೆ ಸತ್ತ ಮಗನನ್ನು ಹೊತ್ತ ಬ್ರಾಹ್ಮಣನ ವೇಷದಲ್ಲಿ ಸಗರನ ಬಳಿಗೆ ಬಂದು ಮಗನ ಪ್ರಾಣವನ್ನು ಬೇಡಿದನು. ಮೃತ್ಯುವನ್ನು ಗೆದ್ದವರು ಸಿದ್ಧರು ಮಾತ್ರವೆಂದು ಚಕ್ರವರ್ತಿ ಆ ತಂದೆಗೆ ತಿಳಿಹೇಳಿದನು. ಆಗ ಅವನ ಮಕ್ಕಳ ಸುದ್ದಿಯೇ ಅವನಿಗೆ ತಿಳಿಯಿತು. ಪರರಿಗೆ ಹೇಳಿದ ತತ್ತ್ವವನ್ನು ತಾನೇ ಬಾಳಬೇಕಾದ ಗಳಿಗೆ ಅದು. ಸಗರನು ರಾಜ್ಯವನ್ನು ಭಗೀರಥನಿಗೆ ಒಪ್ಪಿಸಿ ದೀಕ್ಷೆ ಪಡೆದನು. ಎಚ್ಚರಗೊಂಡ ಮಕ್ಕಳೂ ತಂದೆಯ ದಾರಿಯನ್ನೇ ಹಿಡಿದರು. ಮೊದಲಿಗೆ ಸಹಿಸಲಾಗದ ದುಃಖವೆಂದು ಕಂಡದ್ದು ಕೊನೆಗೆ ಗೆಳೆಯನ ಉಪಕಾರವೆಂದು ತಿಳಿಯುವುದು ಈ ಕಥೆಯ ತಿರುಳು.

ಮನೆಯ ದೀಪಗಳು ಆರಿದ್ದನ್ನು ಕಂಡಿದ್ದ ಒಬ್ಬ ತಾಯಿ ಬರೆಯಿಸಿದ ಪುರಾಣದಲ್ಲಿ ಈ ಕಥೆ ನೆಲೆಸಿದೆ. ಸ್ವಂತ ದುಃಖವನ್ನು ಹಾಡಿಸಿಕೊಳ್ಳಲು ಆಕೆ ಕವಿಯನ್ನು ಪೋಷಿಸಲಿಲ್ಲ. ದುಃಖವನ್ನು ದಾಟಿದವರ ಕಥೆಯನ್ನು ಲೋಕಕ್ಕೆ ಕೊಡಿಸಿದಳು.

ರನ್ನನೂ ಉಪಕಾರವನ್ನು ಮರೆಯದ ಕವಿ. ಅಜಿತಪುರಾಣದಲ್ಲಿ ಅವನು ಅತ್ತಿಮಬ್ಬೆಯ ವಂಶವನ್ನೂ ಶೀಲವನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಅದಕ್ಕಿಂತ ಹೃದ್ಯವಾದ ಸಂಗತಿ ಇನ್ನೊಂದಿದೆ. ರನ್ನನು ತನ್ನ ಮಗನಿಗೆ ರಾಯನೆಂದು, ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನು. ಎಳೆಯ ವಯಸ್ಸಿನಲ್ಲಿ ಕೈಹಿಡಿದ ಚಾವುಂಡರಾಯ, ಬೆಳೆದ ಮೇಲೆ ಆಸರೆಯಾದ ಅತ್ತಿಮಬ್ಬೆ, ಇಬ್ಬರ ಹೆಸರೂ ಅವನ ಮನೆಯಂಗಳದಲ್ಲಿ ದಿನವೂ ಕೇಳಿಬರುತ್ತಿದ್ದವು. ಮಕ್ಕಳನ್ನು ಊಟಕ್ಕೆ ಕರೆಯುವಾಗಲೂ ಉಪಕಾರಿಗಳ ನಾಮಸ್ಮರಣೆ ನಡೆಯುತ್ತಿತ್ತು. ಕೃತಜ್ಞತೆಯನ್ನು ನಿತ್ಯದ ಬದುಕಿನಲ್ಲಿ ನೆಲೆಗೊಳಿಸುವುದಕ್ಕೆ ಇದಕ್ಕಿಂತ ಸಹಜವಾದ ದಾರಿ ಇರಲಾರದು.

ಲೊಕ್ಕಿಗುಂಡಿಯ ಬಸದಿ

ಕಾಲ ಸಂದಿತು. ತೈಲಪನ ಬಳಿಕ ಇರಿವಬೆಡಂಗ ಸತ್ಯಾಶ್ರಯನು ಪಟ್ಟಕ್ಕೆ ಬಂದನು. ಅತ್ತಿಮಬ್ಬೆಯ ಮಗ ಅಣ್ಣಿಗದೇವನು ಪಡೆವಳ ತೈಲನೆಂಬ ಹೆಸರಿನಿಂದ ಮಾಸವಾಡಿ ನಾಡನ್ನು ಆಳುತ್ತಿದ್ದನು. ತಂದೆಯಿಲ್ಲದ ಮಗು ನಾಡಿನ ಹೊಣೆ ಹೊರುವಷ್ಟು ಬೆಳೆದಿತ್ತು. ಆ ತಾಯಿ 1007ರಲ್ಲಿ ಲೊಕ್ಕಿಗುಂಡಿಯಲ್ಲಿ, ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಭವ್ಯವಾದ ಜಿನಾಲಯವನ್ನು ಕಟ್ಟಿಸಿ, ಅದರ ನಿರ್ವಹಣೆಗೆ ಸೂರಸ್ಥಗಣದ ಅರ್ಹಣಂದಿ ಪಂಡಿತರಿಗೆ ದತ್ತಿ ಬಿಟ್ಟಳು. ಇಂದು ಬ್ರಹ್ಮಜಿನಾಲಯವೆಂದು ಪ್ರಸಿದ್ಧವಾದ ಬಸದಿ ಅದು. ಚಾಲುಕ್ಯ ಶಿಲ್ಪಿಗಳು ಒರಟಾದ ಮರಳುಗಲ್ಲನ್ನು ಬಿಟ್ಟು ನುಣುಪಾದ ಬಳಪದ ಕಲ್ಲಿನತ್ತ ಹೊರಳಿದ ಕಾಲದ ಆರಂಭದ ಕಟ್ಟಡಗಳಲ್ಲಿ ಅದೂ ಒಂದು. ಅಲ್ಲಿಯ ನಾಲ್ಕು ಮೊಗದ ಬ್ರಹ್ಮನ ಮೂರ್ತಿಯನ್ನೂ ಪದ್ಮಾವತಿಯ ಮೂರ್ತಿಯನ್ನೂ ಕಂಡವರು ಮರೆಯಲಾರರು.

ಲಕ್ಕುಂಡಿಯ ಶಾಸನವು ಆಕೆಯ ಮಹಿಮೆಯನ್ನು ಹಾಡುತ್ತದೆ. ಬೆಳ್ಗೊಳದ ಗೊಮ್ಮಟೇಶ್ವರನ ದರ್ಶನವಾಗುವವರೆಗೂ ಅನ್ನವನ್ನು ಮುಟ್ಟುವುದಿಲ್ಲವೆಂದು ಆಕೆ ವ್ರತ ತೊಟ್ಟಿದ್ದಳು. ಬೆಟ್ಟವನ್ನೇರಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವನ್ನು ತಣಿಸಿತೆಂದು ಜನ ನಂಬಿದರು. ತುಂಬಿ ಹರಿಯುತ್ತಿದ್ದ ಗೋದಾವರಿ ಆಕೆಯ ಜಿನಭಕ್ತಿಗೆ ಮಣಿದು ದಾರಿ ಬಿಟ್ಟಿತೆಂಬ ಕಥೆಯೂ ಬೆಳೆಯಿತು. ನಾಡು ಆಕೆಯನ್ನು ದಾನಚಿಂತಾಮಣಿಯೆಂದು, ಗುಣದಂಕಕಾರ್ತಿಯೆಂದು ಕರೆಯಿತು. ಬೇಡಿದ್ದನ್ನು ಕೊಡುವ ಮಣಿಯ ಹೆಸರು ಒಬ್ಬ ಹೆಣ್ಣುಮಗಳಿಗೆ ಸಂದಿತು. ಅತಿಶಯಗಳನ್ನು ಭಕ್ತರು ಭಕ್ತಿಯಿಂದ ಸ್ಮರಿಸಲಿ. ಅವುಗಳ ಹಿಂದಿರುವ ಮಾನವ ಸತ್ಯವೂ ಚಿಕ್ಕದಲ್ಲ. ಎಲ್ಲವನ್ನೂ ಕಳೆದುಕೊಂಡವಳೆಂದು ಒಂದು ಕಾಲದಲ್ಲಿ ಕಂಡವಳು, ಎಲ್ಲರಿಗೂ ಕೊಡುವವಳಾಗಿ ನಾಡಿನ ಮನಸ್ಸಿನಲ್ಲಿ ನಿಂತಳು.

ದಾನದ ವಿಷಯದಲ್ಲಿ ಜೈನಧರ್ಮದ ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. ಆಹಾರದಾನದಲ್ಲಿ ಕೊಡುವವನೇ ಬಾಗಿಲಲ್ಲಿ ನಿಂತು ಮುನಿಯನ್ನು ಎದುರುಗೊಳ್ಳುತ್ತಾನೆ. ನವಧಾಭಕ್ತಿಯಿಂದ ಬರಮಾಡಿಕೊಂಡು, ಉನ್ನತಾಸನದಲ್ಲಿ ಕೂರಿಸಿ, ಪಾದಪ್ರಕ್ಷಾಲನೆ ಮಾಡಿ, ಪೂಜಿಸಿ, ನಮಿಸಿ, ಮನಸ್ಸು ಮಾತು ಕಾಯ ಆಹಾರಗಳ ಶುದ್ಧಿಯನ್ನು ತಿಳಿಸಿ ಆಮೇಲೆ ನೀಡುತ್ತಾನೆ. ಪಡೆದವನು ಕೃತಾರ್ಥನಾದನೆಂಬ ಭಾವ ಅಲ್ಲಿಲ್ಲ. ಕೊಟ್ಟವನೇ ಕೃತಾರ್ಥನಾದನೆಂಬ ಭಾವ. ಪಾತ್ರನು ಸ್ವೀಕರಿಸಿ ತನ್ನ ಲೋಭವನ್ನು ಕಡಿಮೆ ಮಾಡಿದನಲ್ಲಾ ಎಂದು ದಾತೃವೇ ಕೃತಜ್ಞನಾಗುತ್ತಾನೆ. ಕೊಟ್ಟುದಕ್ಕೆ ಮುಂದಿನ ಭವದಲ್ಲಿ ಭೋಗವನ್ನು ಬಯಸಿದರೆ ಅದು ನಿದಾನ. ಅದೂ ಆರ್ತಧ್ಯಾನದ ಒಂದು ಬಗೆಯೇ. ದಾನಚಿಂತಾಮಣಿಯ ದಾನವನ್ನು ಈ ಭಾವದಿಂದಲೇ ಅರ್ಥಮಾಡಿಕೊಳ್ಳಬೇಕು.

ನಿತ್ಯದ ಆಚರಣೆ

ಅತ್ತಿಮಬ್ಬೆಯಂತೆ ಬಸದಿ ಕಟ್ಟಿಸುವ ಶಕ್ತಿ ಎಲ್ಲರಿಗೂ ಇಲ್ಲ. ಆಕೆ ನಡೆದ ದಾರಿಯ ಮೊದಲ ಹೆಜ್ಜೆಗೆ ಮಾತ್ರ ಸಂಪತ್ತು ಬೇಕಿಲ್ಲ. ಬೆಳಗಿನ ಸಾಮಾಯಿಕದಲ್ಲಿ ಪಂಚಪರಮೇಷ್ಠಿಗಳ ಸ್ಮರಣೆಯೊಡನೆ, ಅಕ್ಷರ ಕಲಿಸಿದ ಗುರುವನ್ನೂ ಹಸಿವಿಗೆ ಅನ್ನವಿತ್ತ ಕೈಯನ್ನೂ ನೆನೆಯಬಹುದು. ಸಂಜೆಯ ಪ್ರತಿಕ್ರಮಣದಲ್ಲಿ ಮಾಡಿದ ತಪ್ಪುಗಳನ್ನು ಎಣಿಸುವಾಗ, ಆ ದಿನ ಪಡೆದು ಮರೆತ ಉಪಕಾರವನ್ನೂ ಒಂದು ತಪ್ಪೆಂದೇ ಎಣಿಸಬಹುದು. ಕ್ಷಮಾವಣಿಯ ದಿನ ಕ್ಷಮೆ ಬೇಡುವಾಗ, ಋಣವನ್ನೂ ಒಪ್ಪಿಕೊಳ್ಳಬಹುದು.

ದುಃಖ ಬಂದ ಮನೆಗೆ ಹೋಗಿ ಕೃತಜ್ಞರಾಗಿರಿ ಎಂದು ಉಪದೇಶಿಸುವುದು ಧರ್ಮವಲ್ಲ. ಅಲ್ಲಿ ಸುಮ್ಮನೆ ಕುಳಿತುಕೊಳ್ಳುವುದು, ಒಲೆ ಹೊತ್ತಿಸಿ ಒಂದು ತುತ್ತು ಉಣಬಡಿಸುವುದು ಧರ್ಮ. ಆ ತುತ್ತಿನ ನೆನಪೇ ಮುಂದೊಂದು ದಿನ ಆ ಮನೆಯವರನ್ನು ಮತ್ತೊಂದು ನೊಂದ ಮನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಜೀವಗಳು ಒಂದಕ್ಕೊಂದು ನೆರವಾಗುವ ಕ್ರಮ ನಡೆಯುವುದು ಹೀಗೆ.

ಅಗಲಿದವರ ಹೆಸರಿನಲ್ಲಿ ಒಬ್ಬ ಬಡ ವಿದ್ಯಾರ್ಥಿಗೆ ಪುಸ್ತಕ ಕೊಡಿಸಿದರೆ ಅದು ಶಾಸ್ತ್ರದಾನ. ರೋಗಿಗೆ ಮದ್ದು ಕೊಡಿಸಿದರೆ ಅದು ಔಷಧದಾನ. ಹೆದರಿದ ಪ್ರಾಣಿಯನ್ನು ಕಾಪಾಡಿದರೆ ಅದು ಅಭಯದಾನ. ಗುರುವಿನ ಸ್ಮರಣೆಗೆ ಮಲ್ಲಪಯ್ಯ ಪುನ್ನಮಯ್ಯರು ಕಾವ್ಯ ಬರೆಯಿಸಿದಾಗ ಇದ್ದ ಭಾವ ಈ ಚಿಕ್ಕ ಕೆಲಸಗಳಲ್ಲಿಯೂ ಇರಬಲ್ಲುದು.

ಇಂದು ಕರ್ನಾಟಕ ಸರ್ಕಾರ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಸಾಧಕ ಮಹಿಳೆಯರಿಗೆ ಪ್ರಶಸ್ತಿ ನೀಡುತ್ತಿದೆ. ಲಕ್ಕುಂಡಿಯ ಬಸದಿ ನಿಂತಿದೆ. ಶಾಂತಿಪುರಾಣವೂ ಅಜಿತಪುರಾಣವೂ ಉಳಿದಿವೆ. ಆಕೆಯ ಗಂಡ ಗೆದ್ದ ಯುದ್ಧಗಳ ನೆನಪು ಮಾಸಿದೆ. ತೈಲಪ ಸತ್ಯಾಶ್ರಯರ ಸಿಂಹಾಸನಗಳು ಅಳಿದಿವೆ. ಉಪಕಾರವನ್ನು ನೆನೆದು ಮಾಡಿದ ಕೆಲಸಗಳು ಸಾವಿರ ವರ್ಷಗಳ ಮೇಲೂ ಬಾಳುತ್ತಿವೆ. ಸಾತೋದಯದಲ್ಲಿ ಉಬ್ಬದೆ, ಅಸಾತೋದಯದಲ್ಲಿ ಕುಗ್ಗದೆ, ಪಡೆದುದನ್ನು ಸದಾ ನೆನೆಯುವ ಸಮಭಾವ ಎಲ್ಲ ಭವ್ಯಜೀವಿಗಳಿಗೂ ಲಭಿಸಲಿ.